ಈರವ್ವನ ಹೆಬ್ಬೆಟ್ಟು ಟೀವಿಯಲ್ಲಿ ಬಂದ ವರ್ಷ

ಮೊನ್ನೆ ಬೈಲಹೊಂಗಲದ ಕಚೇರಿಯೊಂದಕ್ಕೆ ಸಾಕ್ಷಿ ಹಾಕಲು ಹೋಗಿದ್ದೆ. ನನ್ನ ಜೊತೆ ಶಾಲೆಯಲ್ಲಿ ಪಾಠ ಮಾಡುವ ಗೆಳತಿ ಊರ ಹೊರಗೆ ಒಂದು ಪುಟ್ಟ ಜಾಗ ಕೊಂಡಿದ್ದಳು. ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು ಗಾಜಿನ ಮೇಲೆ ಹೆಬ್ಬೆರಳು ಇಡಿ ಎಂದಳು. ಇಟ್ಟೆ. ಯಂತ್ರ ಒಪ್ಪಲಿಲ್ಲ. ಮತ್ತೆ ಇಟ್ಟೆ. ಮತ್ತೆ ಕೆಂಪು ದೀಪ.

"ಟೀಚರ್, ಕೈ ಭಾಳ ಬೆವತಾವ್ರಿ. ಚಂದಂಗ ಒರಸ್ಕೊಂಡು ಇಡ್ರಿ," ಎಂದಳು.

ನನ್ನ ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಈ ವಯಸ್ಸಿನಲ್ಲೂ ಹಾಗೆ ಅನ್ನಿಸುತ್ತದೆ, ಏನು ಮಾಡಲಿ. ಸೆರಗಿಗೆ ಕೈ ಒರೆಸುತ್ತ ನಿಂತಾಗ ಪಕ್ಕದ ಮೇಜಿನಲ್ಲಿ ಒಬ್ಬ ಮುದುಕ ದೊಡ್ಡ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ. ಶಾಯಿ ಪ್ಯಾಡಿನ ವಾಸನೆ ಬಂತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಹತ್ತನೇ ಇಯತ್ತೆಯ ಹುಡುಗಿಯಾಗಿ, ನಮ್ಮ ಮನೆಯ ಅಡುಗೆಮನೆ ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದೆ.

ರಾಮದುರ್ಗ ತಾಲೂಕಿನಲ್ಲಿ, ಕಟಕೋಳದಿಂದ ಸ್ವಲ್ಪ ಒಳಗೆ, ದಿನಕ್ಕೆ ಎರಡು ಸಲ ಬಸ್ಸು ಬಂದು ತಿರುಗಿ ಹೋಗುವ ಊರು ನಮ್ಮದು. ಅಪ್ಪ ಅಲ್ಲಿ ಪೋಸ್ಟ್ ಮಾಸ್ತರ. ಪೋಸ್ಟ್ ಆಫೀಸಿಗೆ ಬೇರೆ ಕಟ್ಟಡವೇನೂ ಇರಲಿಲ್ಲ, ನಮ್ಮ ಪಡಸಾಲೆಯೇ ಆಫೀಸು. ಒಂದು ಮೇಜು, ಒಂದು ಕಬ್ಬಿಣದ ಪೆಟ್ಟಿಗೆ, ತಕ್ಕಡಿ, ಮುದ್ರೆ, ಶಾಯಿ ಪ್ಯಾಡು. ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ನಮ್ಮ ಕಪ್ಪು ಬಿಳುಪು ಟೀವಿ. ಹೀಗಾಗಿ ಅಪ್ಪ ಲೆಕ್ಕ ಮುಗಿಸಿ ಪೆಟ್ಟಿಗೆಗೆ ಕೀಲಿ ಹಾಕುವವರೆಗೆ ಟೀವಿ ಹಚ್ಚುವಂತಿರಲಿಲ್ಲ. ಸರಕಾರದ ಮುಂದೆ ಧಾರಾವಾಹಿ ನೋಡಬಾರದು ಎಂಬುದು ಅಪ್ಪನ ಕಾನೂನು.

ಊರಿನ ವಿಧವೆಯರಿಗೆ, ಮುದುಕರಿಗೆ ಪಿಂಚಣಿ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಓದುಬರಹ ಬಾರದವರು ಎಡಗೈ ಹೆಬ್ಬೆಟ್ಟು ಒತ್ತಬೇಕು, ಪಕ್ಕದಲ್ಲಿ ಸಾಕ್ಷಿಯ ಸಹಿ ಬೇಕು. ನಮ್ಮ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಟೇಲರ್ ಹುಸೇನಸಾಬರೇ ಊರಿಗೆಲ್ಲ ಸಾಕ್ಷಿ. ಅಪ್ಪ ಕರೆದಾಗ ಅವರು ಸೂಜಿ ಅಂಗಿಗೆ ಚುಚ್ಚಿಕೊಂಡು ಎದ್ದು ಬಂದು, ಹೆಬ್ಬೆಟ್ಟು ಒತ್ತುವುದನ್ನು ನಿಂತು ನೋಡಿ, ಉರ್ದುವಿನಲ್ಲಿ ಸಹಿ ಮಾಡಿ ಹೋಗುತ್ತಿದ್ದರು. ಎಲ್ಲೋ ದೂರದ ಊರಿನ ಪೋಸ್ಟ್ ಮಾಸ್ತರನೊಬ್ಬ ಪಿಂಚಣಿಯ ಹಾಳೆಯ ಮೇಲೆ ಬೇರೆಯವರ ಬದಲು ತಾನೇ ಹೆಬ್ಬೆಟ್ಟು ಒತ್ತಿ ಕೆಲಸ ಕಳೆದುಕೊಂಡ ಕಥೆಯನ್ನು ಅಪ್ಪ ಊಟಕ್ಕೆ ಕೂತಾಗ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಕೇಳಿ ಕೇಳಿ ನಮ್ಮ ಅವ್ವನಿಗೆ ಬೇಸರ ಬಂದಿತ್ತು. ನನಗೆ ಮಾತ್ರ ಪ್ರತಿ ಸಲವೂ ಅಂಗೈ ಬೆವರುತ್ತಿದ್ದವು.

ಈ ಬೆವರುವುದು ನನ್ನ ಹುಟ್ಟುಗುಣ. ಆ ವರ್ಷ ಥಂಡಿ ಜೋರಾಗಿತ್ತು. ಮೂಡಗಾಳಿ ಬೀಸಿ ಎಲ್ಲರ ಕೈಕಾಲು ತುಟಿ ಒಡೆಯುವ ಕಾಲ. ಅಂಥದರಲ್ಲೂ ನನ್ನ ಅಂಗೈ ಬೆವರುತ್ತಿದ್ದವು. ಬರೆದ ಹಾಳೆ ಒದ್ದೆಯಾಗಿ ಶಾಯಿ ಹರಡುತ್ತಿತ್ತು. ಪಂಚಮಿಯಲ್ಲಿ ಕೈ ಕೈ ಹಿಡಿದು ಗಿರಗಿರ ತಿರುಗುವ ಫುಗಡಿ ಆಡುವಾಗ ಕೈ ಜಾರಿ ಗೆಳತಿಯೊಬ್ಬಳು ಬಿದ್ದು ಮೊಣಕೈ ತರಚಿಕೊಂಡ ಮೇಲೆ ಯಾರೂ ನನ್ನ ಕೈ ಹಿಡಿಯಲು ಬರಲಿಲ್ಲ. ಅವ್ವ ಪರೀಕ್ಷೆಯ ದಿನ ನನ್ನ ಅಂಗೈಗೆ ವಿಭೂತಿ ತಿಕ್ಕಿ ಕಳಿಸುತ್ತಿದ್ದಳು. ಅದು ಅಲ್ಲಿಯೇ ಕೆಸರಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ಟೀವಿಯಲ್ಲಿ ಶುರುವಾಯಿತು 'ಎಂಟನೇ ಪೀರಿಯಡ್'. ಗುರುವಾರ ಸಂಜೆ ಅರ್ಧ ತಾಸು. ಯಾವುದೋ ಸಣ್ಣ ಊರಿನ ಹತ್ತನೇ ಇಯತ್ತೆಯ ನಾಲ್ಕು ಮಕ್ಕಳ ಕಥೆ. ಅದರಲ್ಲಿ ಚಂದದವರು ಒಬ್ಬರೂ ಇರಲಿಲ್ಲ. ಪ್ರಾರ್ಥನೆ ಹಾಡುವಾಗ ಒಬ್ಬನ ದನಿ ಒಡೆದು ಕೋಳಿ ಕೂಗಿದಂತಾಗುತ್ತಿತ್ತು. ನಾಟಕದಲ್ಲಿ ಒಬ್ಬನಿಗೆ ಪ್ರತಿ ವರ್ಷ ಮರದ ಪಾತ್ರವೇ. ಎತ್ತರದ ಹುಡುಗಿಯೊಬ್ಬಳು ಫೋಟೋದಲ್ಲಿ ಮೊಣಕಾಲು ಮಡಚಿ ನಿಲ್ಲುತ್ತಿದ್ದಳು. ಮತ್ತೆ ವಿಮಲಾ. ವಿಮಲಾಳ ಅಂಗೈ ಬೆವರುತ್ತಿದ್ದವು.

ಎರಡನೇ ವಾರ ವಿಮಲಾ ಬಹುಮಾನ ತೆಗೆದುಕೊಳ್ಳಲು ವೇದಿಕೆ ಹತ್ತುತ್ತಾಳೆ. ಸಾಹೇಬರು ಕೈ ಮುಂದೆ ಮಾಡುತ್ತಾರೆ. ಅವಳು ಲಂಗಕ್ಕೆ ಕೈ ಒರೆಸುತ್ತಾಳೆ, ಮತ್ತೆ ಒರೆಸುತ್ತಾಳೆ, ಇಡೀ ಸಭೆ ಕಾಯುತ್ತದೆ. ಕೊನೆಗೆ ಕೈ ಕುಲುಕದೆ ನಮಸ್ಕಾರ ಮಾಡಿ ಓಡಿಬರುತ್ತಾಳೆ. ಬಹುಮಾನ ಅಲ್ಲಿಯೇ ಉಳಿಯುತ್ತದೆ. ನಾನು ಟೀವಿಯ ಮುಂದೆ ಉಸಿರು ಹಿಡಿದು ಕೂತಿದ್ದೆ. ನನ್ನಂಥವಳು ಒಬ್ಬಳು ಬೇರೆ ಕಡೆ ಇದ್ದಾಳೆ, ಯಾರೋ ಕೂತು ಅವಳ ಕಥೆ ಬರೆದಿದ್ದಾರೆ! ಅವತ್ತು ನನಗಾದ ಸಂತೋಷ ಯಾವ ಹಬ್ಬದಲ್ಲೂ ಆಗಿರಲಿಲ್ಲ.

ಶಾಲೆಯಲ್ಲಿ ಹೇಳಿದರೆ ಗೆಳತಿಯರು ಮೂಗು ಮುರಿದರು. "ಅದನ್ನ ಏನ್ ನೋಡ್ತಿ ಮಾರಾಯ್ತಿ, ಅದರಾಗ ಯಾರೂ ಚಂದ ಇಲ್ಲ," ಎಂದರು. ಕೇಳಿದವಳು ಒಬ್ಬಳೇ, ಈರವ್ವ ಆಯಿ. ಗಂಡ ಸತ್ತ, ಮಗಳನ್ನು ಸಾಲಹಳ್ಳಿಗೆ ಕೊಟ್ಟ, ನಮ್ಮ ಓಣಿಯ ಕೊನೆಯ ಮನೆಯ ಮುದುಕಿ. ನಮ್ಮ ಮನೆಗೆ ಜೋಳ ಹಸನು ಮಾಡಲು ಬರುತ್ತಿದ್ದಳು. ಸಂಜೆಗೆ ಕಣ್ಣು ಮಂಜಾಗುತ್ತವೆ ಎಂದು ಟೀವಿ ನೋಡುತ್ತಿರಲಿಲ್ಲ. ಶುಕ್ರವಾರ ಮುಂಜಾನೆ ಅವಳು ಮೊರ ಹಿಡಿದು ಕೂತರೆ ನಾನು ಹಿಂದಿನ ದಿನದ ಕಥೆಯನ್ನು ಒಂದು ಮಾತೂ ಬಿಡದೆ ಹೇಳುತ್ತಿದ್ದೆ.

"ಆ ಮರ ಆಗಾವ ಹುಡುಗಗ ಒಮ್ಮೆರ ರಾಜನ ಪಾರ್ಟ್ ಕೊಡಬಾರದ?" ಎಂದು ಅವಳು ತಕರಾರು ತೆಗೆಯುತ್ತಿದ್ದಳು. "ಮತ್ತ ಆ ಬೆವರಾಕಿ? ಬಹುಮಾನ ಯಾರಾದ್ರೂ ತಂದು ಕೊಟ್ರೇನು ಆಕಿಗೆ?"

"ಇನ್ನಾ ಇಲ್ಲ ಆಯಿ."

"ಎಂಥಾ ಮಂದಿನೋ ಏನೋ," ಎಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆಯುತ್ತಿದ್ದಳು.

ಎಂಟನೇ ವಾರದ ಕೊನೆಯಲ್ಲಿ ಒಂದು ಪ್ರಕಟಣೆ ಬಂತು. ಹದಿಮೂರು ಕಂತಿಗೆ ಧಾರಾವಾಹಿ ನಿಲ್ಲುತ್ತದೆ, ಮುಂದುವರಿಯಬೇಕು ಎನ್ನುವವರು ಈ ತಿಂಗಳೊಳಗೆ ಕಾರ್ಡು ಬರೆಯಿರಿ, ಆಯ್ದ ಪತ್ರಗಳನ್ನು ತೋರಿಸುತ್ತೇವೆ. ನನಗೆ ಅವತ್ತು ಊಟ ಸೇರಲಿಲ್ಲ. ಹತ್ತು ಕಾರ್ಡು ಬರೆದೆ. ಒಂದು ನನ್ನದು. ಎಂಟು ಗೆಳತಿಯರ ಹೆಸರಿನಲ್ಲಿ, ಅವರ ಕೈಕಾಲು ಹಿಡಿದು ಸಹಿ ಹಾಕಿಸಿಕೊಂಡೆ. ಹತ್ತನೆಯದು ಈರವ್ವನದು.

ಈರವ್ವ ಊರಲ್ಲಿರಲಿಲ್ಲ. ಮೊಮ್ಮಗಳ ಬಾಣಂತನಕ್ಕೆಂದು ಸಾಲಹಳ್ಳಿಗೆ ಹೋಗಿದ್ದಳು. ಪಿಂಚಣಿ ಬಂದ ದಿನ ಮಾತ್ರ ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೊರಡುತ್ತಿದ್ದಳು. ಅವಳು ಕೇಳಿದರೆ ಹೂಂ ಎನ್ನುತ್ತಾಳೆ, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಹೀಗಾಗಿ ಬರೆದೆ: 'ವಿಮಲಾಗೆ ಆ ಬಹುಮಾನ ಯಾರಾದರೂ ತಂದು ಕೊಡಿರಿ. ಅಲ್ಲಿಯವರೆಗೆ ಕಥೆ ಮುಗಿಸಬೇಡಿರಿ. ಇಂತಿ ಈರವ್ವ.' ಬರೆದ ಮೇಲೆ ನೋಡಿದರೆ ಕಾರ್ಡು ಅರ್ಧಂಬರ್ಧ ಅನ್ನಿಸಿತು. ನಮ್ಮ ಮನೆಯಲ್ಲಿ ಈರವ್ವನ ಹೆಸರಿದ್ದ ಯಾವ ಹಾಳೆಯೂ ಹೆಬ್ಬೆಟ್ಟಿಲ್ಲದೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಸಹಿ ಬಾರದವರ ಮಾತಿಗೆ ಹೆಬ್ಬೆಟ್ಟು ಬೇಕು, ಸಾಕ್ಷಿ ಬೇಕು. ಇಲ್ಲದಿದ್ದರೆ ಬೆಂಗಳೂರಿನವರು ಕಾರ್ಡು ಕಸದ ಬುಟ್ಟಿಗೆ ಹಾಕುತ್ತಾರೆ ಎಂದೇ ನಂಬಿದ್ದೆ. ಟೀವಿಯವರಿಗೆ ಬರೆಯುವ ಪತ್ರಕ್ಕೆ ಅದ್ಯಾವುದೂ ಬೇಡ ಎಂದು ಪೋಸ್ಟ್ ಮಾಸ್ತರನ ಮಗಳಿಗೆ ಹೇಳುವವರು ಯಾರು?

ಅಪ್ಪ ಹೊಲದ ಕಡೆ ಹೋದಾಗ ಪ್ಯಾಡು ತೆಗೆದೆ. ಎಡಗೈ ಹೆಬ್ಬೆರಳನ್ನು ಲಂಗಕ್ಕೆ ನಾಲ್ಕು ಸಲ ಒರೆಸಿ, ಅದ್ದಿ, ಒತ್ತಿದೆ. ಕೆಳಗೆ, ಅಪ್ಪ ಬರೆಯುತ್ತಿದ್ದ ಹಾಗೆಯೇ, 'ಇದು ಈರವ್ವಳ ಎಡಗೈ ಹೆಬ್ಬೆಟ್ಟಿನ ಗುರುತು. ಸಾಕ್ಷಿ: ಶಾಂತಾ' ಎಂದು ಬರೆದೆ. ಸಂಜೆ ಕಾರ್ಡುಗಳಿಗೆ ಮುದ್ರೆ ಹೊಡೆಯುವುದು ಹೇಗೂ ನನ್ನ ಕೆಲಸ. ಅಪ್ಪ ನಂಬಿ ಬಿಟ್ಟಿದ್ದ. ಹತ್ತೂ ಕಾರ್ಡು ಚೀಲ ಸೇರಿದವು.

ಚೀಲ ಕಟಕೋಳದ ದಾರಿ ಹಿಡಿದ ಮೇಲೆ ಅಪ್ಪನ ಆ ಹಳೆಯ ಕಥೆ ನೆನಪಾಯಿತು. ಬೇರೆಯವರ ಹೆಬ್ಬೆಟ್ಟು ಒತ್ತಿ ಕೆಲಸ ಕಳೆದುಕೊಂಡವನ ಕಥೆ. ನಾನು ಮಾಡಿದ್ದೂ ಅದೇ ಅಲ್ಲವೆ? ಅದೂ ಅಪ್ಪನ ಪ್ಯಾಡಿನಿಂದ, ಅಪ್ಪನ ಮುದ್ರೆ ಹೊಡೆದು. ಆ ಹೊತ್ತಿನಿಂದ ನನ್ನ ನೆಮ್ಮದಿ ಹೋಯಿತು. ಓದಲು ಕೂತರೆ ಅಕ್ಷರ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ಸೈಕಲ್ ನಿಂತರೆ ಪೊಲೀಸರು ಬಂದರೇನೋ ಎಂದು ಹಿತ್ತಿಲಿಗೆ ಓಡುತ್ತಿದ್ದೆ. ನಡುವೆ ಒಮ್ಮೆ ಈರವ್ವ ಪಿಂಚಣಿಗೆ ಬಂದಳು. ಹೇಳಿಬಿಡಬೇಕು ಎಂದು ಹತ್ತಿರ ಹೋದೆ. ಪಡಸಾಲೆ ತುಂಬ ಜನ. ಹಿಂದುಮುಂದು ನೋಡುತ್ತ ನಿಂತೆ, ಅಷ್ಟರಲ್ಲಿ ಬಸ್ಸಿನ ಹೊತ್ತಾಗಿ ಅವಳು ಹೊರಟೇಹೋದಳು.

ನಾನು ಗುರುವಾರಕ್ಕೆ ಕಾಯುತ್ತಿದ್ದವಳು, ಈಗ ಗುರುವಾರ ಬಂದರೆ ಹೆದರತೊಡಗಿದೆ. ಕಾರ್ಡು ತೋರಿಸಲಿ ಎಂದು ಒಂದು ಮನಸ್ಸು, ತೋರಿಸದಿರಲಿ ಎಂದು ಇನ್ನೊಂದು. ಹನ್ನೊಂದನೇ ವಾರ ಹೋಯಿತು, ಹನ್ನೆರಡು ಹೋಯಿತು. ಹದಿಮೂರನೇ ವಾರ ಅಪ್ಪನೂ ಪೆಟ್ಟಿಗೆಗೆ ಕೀಲಿ ಹಾಕಿ ಟೀವಿಯ ಮುಂದೆ ಕೂತ. ಮರುದಿನ ರಾಮದುರ್ಗದಿಂದ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು, ಅಪ್ಪ ಎಲ್ಲ ಪುಸ್ತಕ ಸರಿಮಾಡಿ ಇಟ್ಟು ಹಗುರಾಗಿದ್ದ. ಕಥೆ ವಿಮಲಾಳ ಪರೀಕ್ಷೆಯ ಹಿಂದಿನ ದಿನಕ್ಕೆ ಬಂದು ನಿಂತಿತು. ಆಮೇಲೆ ಪತ್ರಗಳು. ಪರದೆಯ ತುಂಬ, ಅಂಗೈಯಗಲದ ಒಂದು ಹೆಬ್ಬೆಟ್ಟು.

"ಅಕ್ಷರ ಬಾರದ ಅಜ್ಜಿಯೊಬ್ಬರು ಹೆಬ್ಬೆಟ್ಟೊತ್ತಿ ಕಳಿಸಿದ ಪತ್ರ ಇದು," ಎಂದಳು ಟೀವಿಯ ಹೆಣ್ಣುಮಗಳು. ಊರ ಹೆಸರು ಓದಿದಳು. ಈರವ್ವನ ಹೆಸರು ಓದಿದಳು. ನಿಮ್ಮ ಪ್ರೀತಿಗೆ ಧನ್ಯವಾದ, ಮುಂದಿನ ವಾರದಿಂದ ಈ ಹೊತ್ತಿಗೆ ಬೇರೆ ಕಾರ್ಯಕ್ರಮ ಬರುತ್ತದೆ ಎಂದಳು. ಅಷ್ಟೇ. ಮುಗಿಯಿತು.

ಓಣಿಯಲ್ಲಿ ಸಿಳ್ಳೆ ಬಿದ್ದವು. ಹುಸೇನಸಾಬರು ಕಟ್ಟೆಯಿಂದಲೇ, "ಮಾಸ್ತರ, ನಮ್ಮ ಊರ ಹೆಸರು ಬಂತ್ರಿ!" ಎಂದು ಕೂಗಿದರು. ಅಪ್ಪ ನಗಲಿಲ್ಲ. ಈರವ್ವನ ಎಡಗೈ ಹೆಬ್ಬೆರಳ ಮೇಲೆ ಕುಡುಗೋಲು ತಾಗಿದ ಗಾಯದ ಗೀರು ಇತ್ತು, ಅಡ್ಡಕ್ಕೆ, ಈ ಕಡೆಯಿಂದ ಆ ಕಡೆಯವರೆಗೆ. ಪ್ರತಿ ತಿಂಗಳು ಆ ಬೆರಳನ್ನು ಹಿಡಿದು ಒತ್ತಿಸುತ್ತಿದ್ದವನು ಅಪ್ಪ. ಟೀವಿಯಲ್ಲಿ ಕಂಡ ಹೆಬ್ಬೆಟ್ಟಿಗೆ ಗೀರೇ ಇರಲಿಲ್ಲ. ಅಂಚೆಲ್ಲ ಒದ್ದೆಯಾಗಿ ಶಾಯಿ ಹರಡಿತ್ತು. ಅಪ್ಪ ಒಮ್ಮೆ ನನ್ನ ಮುಖ ನೋಡಿದ, ಆಮೇಲೆ ನನ್ನ ಕೈ ನೋಡಿದ. ಎದ್ದು ಟೀವಿ ಬಂದ್ ಮಾಡಿದ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮರುದಿನ ಪಿಂಚಣಿ ಕೊಡುವ ದಿನವೂ ಹೌದು. ಈರವ್ವ ಮುಂಜಾನೆಯ ಬಸ್ಸಿಗೆ ಬರುತ್ತಾಳೆ, ಬಸ್ ಸ್ಟ್ಯಾಂಡಿಗೆ ಓಡಿಹೋಗಿ ಕಾಲು ಹಿಡಿಯೋಣ ಎಂದು ಚಪ್ಪಲಿ ಮೆಟ್ಟಿದೆ. "ಎಲ್ಲೂ ಹೋಗಬ್ಯಾಡ. ಸಾಹೇಬರು ಬರೋ ಹೊತ್ತಾತು, ಅವ್ವಗ ಕೈಗೂಡಸು," ಎಂದ ಅಪ್ಪ, ನನ್ನ ಕಡೆ ನೋಡದೆ.

ಸಾಹೇಬರು ಬಂದರು. ಸವದತ್ತಿ ಕಡೆಯವರು, ನಗುಮುಖದ ಮನುಷ್ಯ. ಅಂಚೆಚೀಟಿ ನೋಡಿದರು, ಪುಸ್ತಕ ನೋಡಿದರು. ಅವ್ವ ಕೊಟ್ಟ ಉಪ್ಪಿಟ್ಟು ತಿನ್ನುತ್ತ, "ಅಲ್ರಿ ಮಾಸ್ತರ, ನಿನ್ನೆ ನಿಮ್ಮೂರ ಅಜ್ಜಿ ಟೀವ್ಯಾಗ ಬಂದಿದ್ರಲ್ಲ! ನಮ್ಮ ಮನಿ ಹುಡುಗ್ರು ಹುಚ್ಚರಾಗ್ಯಾರ. ಕರಸ್ರಿ ಅವರನ್ನ, ನಾ ನೋಡಬೇಕು," ಎಂದರು. ಅಪ್ಪ "ಬರ್ತಾರ್ರಿ ಸರ್" ಎಂದ. ನಾನು ಅಡುಗೆಮನೆ ಬಾಗಿಲಿಗೆ ಬೆನ್ನು ಹಚ್ಚಿ, ಎರಡೂ ಕೈಗಳನ್ನು ಲಂಗದಲ್ಲಿ ಸುತ್ತಿಕೊಂಡು ನಿಂತಿದ್ದೆ. ಈರವ್ವ ಬಂದು ನಾನು ಯಾವ ಹೆಬ್ಬೆಟ್ಟೂ ಒತ್ತಿಲ್ಲ ಎಂದರೆ ಮುಗಿಯಿತು. ಟೀವಿಯದೊಂದೇ ಅಲ್ಲ, ಅಪ್ಪ ಇಷ್ಟು ವರ್ಷ ಒತ್ತಿಸಿದ ಎಲ್ಲ ಹೆಬ್ಬೆಟ್ಟಿನ ಮೇಲೆಯೂ ಅನುಮಾನ ಬರುತ್ತದೆ.

ಈರವ್ವ ಹೊಸ್ತಿಲು ದಾಟಿ ಬಂದಳು. ಸಾಹೇಬರು ಚೀಲದಿಂದ ಹಿಂದಿನ ತಿಂಗಳು ಹಣ ಕೊಟ್ಟ ಹಾಳೆ ತೆಗೆದು ಕೇಳಿದರು, "ರೊಕ್ಕ ಮುಟ್ಯಾವೇನ್ರಿ ಅಜ್ಜಿ? ಇದು ನಿಮ್ಮ ಹೆಬ್ಬೆಟ್ಟ ಏನು?"

"ಮುಟ್ಯಾವ್ರಿ ಸಾಹೇಬರ. ನಂದಽ ಅದು."

"ನಿನ್ನೆ ಟೀವ್ಯಾಗ ಬಂದದ್ದೂ ನಿಮ್ಮದಽ?"

ಕಟ್ಟೆಯ ಮೇಲೆ ಹುಸೇನಸಾಬರು ಯಂತ್ರ ನಿಲ್ಲಿಸಿದರು. ಈರವ್ವ ಅಪ್ಪನ ಮುಖ ನೋಡಿದಳು. ಆಮೇಲೆ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು, ಲಂಗದಲ್ಲಿ ಸುತ್ತಿದ ನನ್ನ ಕೈ ನೋಡಿದಳು.

"ಹೂನ್ರಿ, ನಂದಽ. ಬಸ್ಸಿನ್ಯಾಗೂ ಎಲ್ಲಾರೂ ಅದನ್ನ ಕೇಳಾಕ ಹತ್ತಿದ್ರು. ಆ ವಿಮಲಾ ಅನ್ನೋ ಹುಡುಗಿಗೆ ಬಹುಮಾನ ಕೊಟ್ಟಿಲ್ಲಂತ, ಪಾಪ."

ಸಾಹೇಬರು ಹಾಳೆಯನ್ನು ಕಣ್ಣ ಹತ್ತಿರ ಹಿಡಿದರು. "ಇಲ್ಲಿ ಒಂದು ಗೀರ ಐತಲ್ರಿ. ಟೀವ್ಯಾಗ ಅದು ಕಾಣಲಿಲ್ಲ ನೋಡ್ರಿ," ಎಂದರು. ತಮಾಷೆಗೋ, ನಿಜಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಈರವ್ವ ಸೆರಗು ಸರಿಮಾಡಿಕೊಂಡಳು. "ಟೀವ್ಯಾಗ ಎಲ್ಲಾರೂ ಇದ್ದದ್ದಕ್ಕಿಂತ ಚಂದ ಕಾಣ್ತಾರಂತಲ್ರಿ ಸಾಹೇಬರ. ನನ್ನ ಹೆಬ್ಬೆಟ್ಟೂ ಹಂಗಽ ಕಂಡಿರಬೇಕ್ರಿ!"

ಸಾಹೇಬರು ಉಪ್ಪಿಟ್ಟು ನೆತ್ತಿಗೇರುವಷ್ಟು ನಕ್ಕರು. ಅವ್ವ ನೀರು ತಂದಳು. ಪುಸ್ತಕದಲ್ಲಿ ಎಲ್ಲ ಸರಿ ಇದೆ ಎಂದು ಬರೆದು, ಸಹಿ ಮಾಡಿ, ಹೊರಟರು.

ಅವರ ಮೋಟರ್ ಸೈಕಲ್ ಸಪ್ಪಳ ಅಡಗಿದ ಮೇಲೆ ಅಪ್ಪ, "ಶಾಂತಾ, ಇಲ್ಲಿ ಬಾ," ಎಂದ. ಹೋದೆ. ಈರವ್ವನ ಈ ತಿಂಗಳ ಹಾಳೆ ಮೇಜಿನ ಮೇಲಿತ್ತು. ಅಪ್ಪ ಪ್ಯಾಡು ನನ್ನ ಕಡೆ ಸರಿಸಿದ.

"ಈರವ್ವನ ಕೈ ಹಿಡಿ. ನೀನಽ ಒತ್ತಸು."

"ಅಪ್ಪಾ, ನನ್ನ ಕೈ..."

"ಹಿಡಿ ಅಂದೆ."

ನಾನು ಯಾರ ಕೈಯನ್ನಾದರೂ ಹಿಡಿದು ಎಷ್ಟೋ ದಿನವಾಗಿತ್ತು. ಈರವ್ವನ ಅಂಗೈ ಥಂಡಿಗೆ ಒಡೆದು ಬಿರುಕು ಬಿಟ್ಟಿತ್ತು. ನನ್ನ ಒದ್ದೆ ಕೈಯಲ್ಲಿ ಅವಳ ಹೆಬ್ಬೆರಳು ಹಿಡಿದು ಅದ್ದಿದೆ, ಒತ್ತಿದೆ. ಗೀರು ಸಮೇತ ಹಾಳೆಯ ಮೇಲೆ ಮೂಡಿತು. ಹುಸೇನಸಾಬರು ನಿಂತು ನೋಡಿ ಸಹಿ ಮಾಡಿದರು.

"ನೋಡಿದೀ?" ಎಂದ ಅಪ್ಪ. "ಸಾಕ್ಷಿ ಅಂದ್ರ ಕಣ್ಣಾರೆ ನೋಡಿದವರು. ನೋಡಲಾರದ್ದಕ್ಕ ಎಂದೂ ಸಹಿ ಹಾಕಬ್ಯಾಡ." ಆ ವಿಷಯದಲ್ಲಿ ಅಪ್ಪ ಆಡಿದ ಮಾತು ಇಷ್ಟೇ. ನಾನು ಅಳತೊಡಗಿದೆ. ಕೈ ಬಿಡಿಸಿಕೊಳ್ಳಲು ಹೋದರೆ ಈರವ್ವ ಬಿಡಲಿಲ್ಲ.

"ಇರಲಿ ತಡಿ. ನನ್ನ ಕೈ ಉರ್ಯಾಕ ಹತ್ತ್ಯಾವು, ನಿನ್ನ ಕೈ ತಂಪ ಅದಾವು," ಎಂದಳು. ಹಿಡಿದುಕೊಂಡೇ ಕೇಳಿದಳು, "ಏನಾತು ಆಕಿದು? ಕೊನಿಗರ ಬಹುಮಾನ ಕೊಟ್ರೇನು?"

"ಮುಗೀತು ಆಯಿ. ಬಂದ್ ಮಾಡಿದ್ರು."

"ಬಂದ್ ಮಾಡಿದ್ರ? ಮತ್ತ ಆಕಿ ಪರೀಕ್ಷಾ?"

"ಅದನ್ನ ತೋರಸಲಿಲ್ಲ."

ಈರವ್ವ ನನ್ನ ಕಡೆ ತಿರುಗಿದಳು. "ನಿನ್ನ ಪರೀಕ್ಷಾ ಯಾವಾಗ?"

"ಮಾರ್ಚದಾಗ."

"ಹಂಗಾರ ಆಕಿದೂ ಆವಾಗಽ ಇರತೈತಿ. ರಿಸಲ್ಟ್ ಬಂದ ಮ್ಯಾಲ ನಂಗ ಬಂದು ಹೇಳು."

ಆ ಪರೀಕ್ಷೆಯನ್ನು ಹೇಗೆ ಬರೆದೆನೋ. ಉತ್ತರ ಪತ್ರಿಕೆಯ ಕೆಳಗೆ ಕರವಸ್ತ್ರ ಹಾಸಿಕೊಂಡಿದ್ದೆ, ವಿಮಲಾ ಹಾಸಿಕೊಳ್ಳುತ್ತಿದ್ದ ಹಾಗೆ. ಗಣಿತದ ದಿನ ಅದೂ ತೊಯ್ದು ತಪ್ಪಡಿಯಾಯಿತು. ಹಾಳೆ ಓದಲು ಬಾರದೆ ಸೊನ್ನೆ ಕೊಟ್ಟರೆ ಎಂದು ಎರಡು ತಿಂಗಳು ನಿದ್ದೆಯಿಲ್ಲ. ಫಲಿತಾಂಶದ ದಿನ ಕಟಕೋಳಕ್ಕೆ ಹೋಗಿ ಬೋರ್ಡಿನ ಮೇಲೆ ನನ್ನ ನಂಬರು ಮೂರು ಸಲ ನೋಡಿದೆ. ಊರ ಬಸ್ಸು ಹಿಡಿಯಲಿಲ್ಲ, ಸಾಲಹಳ್ಳಿಯ ಬಸ್ಸು ಹತ್ತಿದೆ.

ಈರವ್ವ ಮಗಳ ಮನೆಯ ಅಂಗಳದಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಆಯಿ, ವಿಮಲಾ ಪಾಸಾದ್ಲು," ಎಂದೆ.

ಅವಳು ನಗಲಿಲ್ಲ. ಅಪ್ಪನ ಮೇಜಿನ ಮುಂದೆ ನಿಂತವಳ ಹಾಗೆ ನೆಟ್ಟಗೆ ನಿಂತು ಕೇಳಿದಳು, "ಸಾಕ್ಷಿ ಯಾರು?"

"ನಾನಽ ಆಯಿ. ಕಣ್ಣಾರೆ ನೋಡೇನಿ."

ಈರವ್ವ ಎಣ್ಣೆಗೈ ಸೀರೆಗೆ ಒರೆಸಿಕೊಂಡು ನನ್ನ ಎರಡೂ ಕೈ ಹಿಡಿದಳು.